ನರಗುಂದದ ಹೆಪ್ಪು ಮತ್ತು ನನ್ನ ಕೊಬ್ಬಿನ ಶಾಸ್ತ್ರ

ಯಾರನ್ನೇ ಆಗಲಿ ಮುಖ ನೋಡಿ ಗುರುತಿಸಬಹುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲೂ ಒಪ್ಪಿರಲಿಲ್ಲ, ಈಗ ವಯಸ್ಸಾಗಿ ಕಣ್ಣು ಮಂಜಾದ ಮೇಲಂತೂ ಒಪ್ಪುವ ಪ್ರಶ್ನೆಯೇ ಇಲ್ಲ. ಮದುವೆಮನೆಯಲ್ಲಿ ಎದುರಿಗೆ ಬಂದವರ ಕೈ ಹಿಡಿದು, "ಆರಾಮ ಅದೀರೇನ್ರಿ? ಮಕ್ಕಳು ಹ್ಯಾಂಗದಾರ?" ಎಂದು ಅರ್ಧ ತಾಸು ಸುಖದುಃಖ ವಿಚಾರಿಸಿ, ಪಂಕ್ತಿಯಲ್ಲಿ ಪಕ್ಕಕ್ಕೇ ಕೂತು ಹೋಳಿಗೆ ತಿಂದು, ಕೈ ತೊಳೆಯುವ ಹೊತ್ತಿಗೆ ಅವರು ನಾನು ತಿಳಿದವರಲ್ಲ, ಅವರ ಷಡ್ಡಕ ಎಂದು ಗೊತ್ತಾದ ಪ್ರಸಂಗ ನನ್ನ ಬಾಳಿನಲ್ಲಿ ಒಂದೆರಡಲ್ಲ. ಐದೂವರೆ ಅಡಿ ಎತ್ತರದ, ರುಮಾಲು ಸುತ್ತಿದ, ಮೀಸೆ ಬಿಟ್ಟ ಮನುಷ್ಯನ ಪಾಡೇ ಹೀಗಿರುವಾಗ, ಕಣ್ಣಿಗೇ ಕಾಣದ ಬ್ಯಾಕ್ಟೀರಿಯಾವನ್ನು ಉದ್ದಗಿದೆಯೋ ಗುಂಡಗಿದೆಯೋ ಎಂದು ನೋಡಿ ಅದರ ಕುಲ ನಿರ್ಣಯಿಸುವುದು ಎಲ್ಲಿಯ ನ್ಯಾಯ? ಅದರ ಮೈಯೊಳಗೆ ಎಂಥ ಕೊಬ್ಬಿದೆ ಎಂದು ಕೇಳಬೇಕು. ಕೊಬ್ಬು ಸುಳ್ಳು ಹೇಳುವುದಿಲ್ಲ. ಇದನ್ನು ನಾನು ಐವತ್ತರ ದಶಕದಲ್ಲಿಯೇ, ಗಜೇಂದ್ರಗಡದ ನಮ್ಮ ಅಡುಗೆಮನೆಯ ನಡುವೆ ನಿಂತು, ಗಟ್ಟಿ ದನಿಯಲ್ಲಿ ಹೇಳಿದ್ದೆ. ಕೇಳಿದವರೆಲ್ಲ ನಕ್ಕರು.

ಈಗ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಮಾಡುವುದಾದರೂ ಏನು? ಬ್ಯಾಕ್ಟೀರಿಯಾಗಳಿಗೆಲ್ಲ ಒಂದೇ ಊಟ ಹಾಕಿ, ಒಂದೇ ಕಾವಿನಲ್ಲಿ ಬೆಳೆಸಿ, ಅವುಗಳ ಮೈಯ ಕೊಬ್ಬನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಬಿಡಿಸಿ, ಆವಿ ಮಾಡಿ ಕೂದಲಿನಂಥ ಉದ್ದನೆಯ ಕೊಳವೆಯಲ್ಲಿ ಹಾಯಿಸುತ್ತಾರಂತೆ. ಯಾವ ಆಮ್ಲ ಎಷ್ಟು ಬಂತು ಎಂದು ನೋಡಿ, ಇದು ಇಂಥದೇ ಬ್ಯಾಕ್ಟೀರಿಯಾ ಎಂದು ಹೇಳುತ್ತಾರಂತೆ. ನಾನು ಮಾಡಿದ್ದೂ ಅದನ್ನೇ. ನನ್ನಲ್ಲಿ ಯಂತ್ರವಿರಲಿಲ್ಲ, ಒಲೆಯಿತ್ತು. ಕೊಳವೆಯಿರಲಿಲ್ಲ, ತಣ್ಣೀರಿನ ಗಡಿಗೆಯಿತ್ತು. ಇಷ್ಟರಿಂದಲೇ ನನ್ನನ್ನು ವಿಜ್ಞಾನಿಯಲ್ಲ ಎನ್ನುವವರು ಎನ್ನಲಿ. ನಾನು ಕ್ಷಮೆ ಕೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ, ನಡೆದದ್ದನ್ನು ನಡೆದಂತೆ ಹೇಳಿ ನನ್ನ ಪಾಲಿನ ನ್ಯಾಯವನ್ನು ಓದುಗರಾದ ನಿಮ್ಮಿಂದ ಪಡೆಯೋಣವೆಂದು ಕೂತಿದ್ದೇನೆ.

ಆಗ ನಮ್ಮ ಭಾಗ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪಠ್ಯಪುಸ್ತಕಗಳು ಹಳೆಯವು ಹೋಗಿ ಹೊಸವು ಇನ್ನೂ ಬರದೆ, ಮಾಸ್ತರರು ತಮಗೆ ತಿಳಿದದ್ದನ್ನು ಧೈರ್ಯವಾಗಿ ಹೇಳಬಹುದಾಗಿದ್ದ ಸುವರ್ಣಕಾಲ. ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ, ಅದರ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಮುಂಜಾನೆಯಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದ. ಕಾಲೇಜು ಕಂಡವನು ಮನೆತನಕ್ಕೆಲ್ಲ ನಾನೊಬ್ಬನೇ. ಅದಕ್ಕೇ ಮನೆಯಲ್ಲಿ ನನ್ನ ಮಾತಿಗೆ ಬಹಳ ಬೆಲೆ ಇತ್ತು ಎಂದು ನೀವು ತಿಳಿದರೆ ನಿಮಗೆ ನಮ್ಮ ಅವ್ವ ಗೊತ್ತಿಲ್ಲವೆಂದೇ ಅರ್ಥ. ಹಾಲು, ಮೊಸರು, ಬೆಣ್ಣೆ, ತುಪ್ಪ ಇವು ನಾಲ್ಕೂ ಅವ್ವನ ಖಾತೆ. ಅಲ್ಲಿ ಅಪ್ಪನೂ ಬಾಯಿ ಹಾಕುತ್ತಿರಲಿಲ್ಲ.

ನನ್ನ ಹೆಂಡತಿ ಶಾಂತಾ ನರಗುಂದದವಳು. ಮದುವೆಯಾಗಿ ಬರುವಾಗ ಅವಳ ತಾಯಿ ಒಂದು ಬಿಳಿ ಅರಿವೆಯನ್ನು ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಮಡಿಚಿ, ಸೆರಗಿನ ತುದಿಗೆ ಕಟ್ಟಿ ಕಳಿಸಿದ್ದರು. ನಮ್ಮ ಕಡೆ ಹೆಪ್ಪು ದೂರ ಊರಿಗೆ ಹೋಗುವುದು ಹೀಗೆಯೇ. ಆ ಅರಿವೆಯ ತುಂಡನ್ನು ಬೆಚ್ಚಗಿನ ಹಾಲಿನಲ್ಲಿ ಹಾಕಿದರೆ ಮಾರನೆಯ ದಿನ ತವರಿನ ಮೊಸರು. ಅವ್ವ ಆಗ ಜಂತಿಗೆ ತೂಗುಬಿಟ್ಟ ನೆಲುವಿನಲ್ಲಿ ತನ್ನ ಗಡಿಗೆಯ ಪಕ್ಕಕ್ಕೆ ಸೊಸೆಯ ಸಣ್ಣ ಗಡಿಗೆಗೂ ಜಾಗ ಕೊಟ್ಟಳು. ಆದರೆ ಶಾಂತಾಳ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಬರುತ್ತಿತ್ತು. ನಾನೊಬ್ಬ ಹುಚ್ಚ, ಊಟಕ್ಕೆ ಕೂತಾಗ ಅದನ್ನು ಬಾಯಿ ಬಿಟ್ಟು ಹೇಳಿದೆ. ಅಂದಿನಿಂದ ಆ ನೆಲುವಿನಲ್ಲಿ ತೂಗುತ್ತಿದ್ದದ್ದು ಗಡಿಗೆಗಳಲ್ಲ, ಗಜೇಂದ್ರಗಡ ಮತ್ತು ನರಗುಂದ.

ಮದುವೆಯಾದ ಮರುವರ್ಷ ಶಾಂತಾಳ ತಾಯಿ ತೀರಿಕೊಂಡರು. ಆಮೇಲೆ ಶಾಂತಾ ಆ ಗಡಿಗೆಯನ್ನು ನೋಡಿಕೊಳ್ಳುವ ರೀತಿಯೇ ಬೇರೆಯಾಯಿತು. ದಿನವೂ ಒಂದು ಚಮಚ ಹೆಪ್ಪು ತೆಗೆದಿಟ್ಟ ಮೇಲೆಯೇ ಉಳಿದ ಮೊಸರು ಮುಟ್ಟುತ್ತಿದ್ದಳು. ನಾನು ಒಮ್ಮೆ ಅವಸರದಲ್ಲಿ ಗಡಿಗೆ ಬಳಿದು ಉಂಡುಬಿಡುತ್ತಿದ್ದೆ, ಓಡಿ ಬಂದು ಕೈ ಹಿಡಿದಳು. "ನಮ್ಮವ್ವನ ಕೈಯಿಂದ ಬಂದು ಇನ್ನೂ ಜೀವಂತ ಇರೂದು ಇದೊಂದ ಐತ್ರಿ," ಎಂದಳು. ನಾನು ಗಡಿಗೆಯನ್ನು ಅವಳ ಕೈಗೇ ಕೊಟ್ಟೆ.

ಹೀಗಿರುವಾಗ ಬೇಸಿಗೆ ಬಂತು. ನನ್ನ ತಂಗಿ ರಾಜೂರಿನಲ್ಲಿ ಗಂಡನ ಮನೆಯಲ್ಲಿ ಬಸುರಿ. ಬಾಣಂತನಕ್ಕೆ ತುಪ್ಪ ಕಳಿಸಬೇಕೆಂದು ಅವ್ವ ಎರಡೂ ಗಡಿಗೆಗಳ ಮೊಸರು ಕಡೆದು ಬೆಣ್ಣೆ ಕೂಡಿಸತೊಡಗಿದಳು. ನಡುವೆ ಇಟಗಿ ಭೀಮವ್ವನ ದರ್ಶನಕ್ಕೆಂದು ಹೋಗಿ ಕೆಲವು ದಿನ ಅಲ್ಲಿಯೇ ಉಳಿದು ಬಂದಳು. ಮತ್ತೂ ಕೂಡಿಸಿದಳು. ನಮ್ಮ ಬಿಸಿಲು ನಿಮಗೆ ಗೊತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೆಣ್ಣೆ ಕಾಸಿದ ದಿನ ಓಣಿಗೆಲ್ಲ ಘಮ ಬರುವ ಬದಲು ಕಮಟು ವಾಸನೆ ಬಂತು. ಎದುರುಮನೆಯ ಕಲ್ಲವ್ವ ಮೂಗಿಗೆ ಸೆರಗು ಹಿಡಿದು, "ಏನ ಹೊತ್ತಾಕತ್ತೈತಿ?" ಎಂದು ಕೇಳಿದಳು. ಇಡೀ ಓಣಿಗೆ ಹೆಪ್ಪು ಕೊಡುವ ಮನೆಯ ಯಜಮಾನತಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅವ್ವ ಬೋಗಾಣಿಯನ್ನು ಒಲೆಯಿಂದ ಇಳಿಸಿ, ಸೀದಾ ಸೊಸೆಯ ಗಡಿಗೆಯ ಕಡೆಗೆ ಕೈ ತೋರಿಸಿದಳು.

"ನಮ್ಮತ್ತಿ ಕಾಲದಿಂದ ಈ ಮನ್ಯಾಗ ತುಪ್ಪ ಕಮಟ ಆಗಿದ್ದಿಲ್ಲ. ಹೊರಗಿನ ಹೆಪ್ಪು ಬಂತು, ಕಮಟ ಆತು. ಬರೂ ಸೋಮವಾರ ಅದನ್ನ ಚೆಲ್ಲಿ ಗಡಗಿ ಒಡದ ಹಾಕೂದ."

"ಹೆಪ್ಪು ಚೆಲ್ಲೂದಾದ್ರ ನನ್ನನ್ನೂ ನರಗುಂದಕ್ಕ ಕಳಿಸಿಬಿಡ್ರಿ ಅತ್ತಿ," ಎಂದಳು ಶಾಂತಾ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅಪ್ಪ ಮಗ್ಗದ ಸದ್ದನ್ನು ಜೋರು ಮಾಡಿದ. ಇಬ್ಬರು ಹೆಂಗಸರೂ ನನ್ನ ಮುಖ ನೋಡಿದರು. ಇಂಥ ಹೊತ್ತಿನಲ್ಲಿ ಬೇರೆ ಗಂಡಸರು ಏನು ಮಾಡುತ್ತಾರೋ ಗೊತ್ತಿಲ್ಲ. ಚಾಪೆ ಎತ್ತಿಕೊಂಡು ಗುಡಿಯ ಕಟ್ಟೆಗೆ ಹೋಗುತ್ತಾರೆಂದು ಕೇಳಿದ್ದೇನೆ. ನಾನು ವಿಜ್ಞಾನದ ಮಾಸ್ತರ. "ಯಾರೂ ಏನೂ ಚೆಲ್ಲಬ್ಯಾಡ್ರಿ. ಎರಡೂ ಹೆಪ್ಪನ್ನ ನಾನು ಪರೀಕ್ಷಾ ಮಾಡ್ತೀನಿ. ಯಾವುದರಾಗ ದೋಷ ಐತಿ ಶಾಸ್ತ್ರ ಹೇಳತೈತಿ," ಎಂದೆ. ಮೊಸರಿನಲ್ಲಿ ಸೂಕ್ಷ್ಮಜೀವಿಗಳಿರುತ್ತವೆ, ಹಾಲು ಹೆಪ್ಪಾಗುವುದು ಅವುಗಳಿಂದಲೇ ಎಂದೂ ವಿವರಿಸಿದೆ. ಅವ್ವ ಕೆಕ್ಕರಿಸಿ ನೋಡಿದಳು. "ನನ್ನ ಮೊಸರಾಗ ಹುಳಾ ಅದಾವಂತೀಯೇನೋ? ಸಾಲಿ ಕಲಿಸಿದ್ದು ಇದಕ್ಕೇನು?" ಅದೊಂದು ಮಾತಿನಲ್ಲಿ ಅತ್ತೆ ಸೊಸೆ ಇಬ್ಬರೂ ಒಂದಾದರು. ಶಾಂತಾಳಿಗೂ ತನ್ನ ತವರಿನ ಮೊಸರಿನಲ್ಲಿ ಹುಳವಿದೆ ಎನ್ನಿಸಿಕೊಳ್ಳುವುದು ಬೇಕಾಗಿರಲಿಲ್ಲ.

ಶಾಲೆಯಲ್ಲಿ ಒಂದೇ ಒಂದು ಸೂಕ್ಷ್ಮದರ್ಶಕ. ಅದು ಹೆಡ್ ಮಾಸ್ತರರ ಕಪಾಟಿನಲ್ಲಿ, ಅರಿಷಿಣ ಕುಂಕುಮದ ಗುರುತಿನ ಸಮೇತ ಇರುತ್ತಿತ್ತು; ದಸರೆಗೆ ಪೂಜೆಗೊಳ್ಳುವುದೇ ಅದರ ಮುಖ್ಯ ಉಪಯೋಗ. ಹೆಡ್ ಮಾಸ್ತರರು ರೋಣದವರು, ಒಳ್ಳೆಯವರು, ಆದರೆ ಯಾವ ವಸ್ತುವನ್ನೂ ಬಳಸಿದರೆ ಸವೆಯುತ್ತದೆ ಎಂದು ನಂಬಿದವರು. ಬಹಳ ಬೇಡಿಕೊಂಡ ಮೇಲೆ ಕೊಟ್ಟರು. ಗಾಜಿನ ಚೂರಿಗೆ ಎರಡೂ ಮೊಸರು ಸವರಿ, ಬಣ್ಣ ಹಾಕಿ, ಕಣ್ಣಿಟ್ಟು ನೋಡಿದೆ. ಗಜೇಂದ್ರಗಡದ್ದರಲ್ಲಿ ಸಣ್ಣ ಕಡ್ಡಿಗಳು, ಮಣಿಸರಗಳು. ನರಗುಂದದ್ದರಲ್ಲಿಯೂ ಸಣ್ಣ ಕಡ್ಡಿಗಳು, ಮಣಿಸರಗಳು. ಹೆಡ್ ಮಾಸ್ತರರು ತಾವೂ ಒಂದು ಕಣ್ಣು ಮುಚ್ಚಿ ನೋಡಿ, "ಎರಡೂ ಒಂದಽ ಕಾಣಸ್ತಾವಲ್ರಿ ಮಾಸ್ತರ," ಎಂದರು. ರೂಪ ನೋಡಿ ಕುಲ ಹೇಳಲಾಗದು ಎಂದು ನಾನು ಕಂಡುಕೊಂಡದ್ದು ಆ ಕ್ಷಣದಲ್ಲಿ. ಬೇರೆ ಬೇರೆಯಾಗಿದ್ದೂ ಒಂದೇ ಥರ ಕಾಣುತ್ತಿವೆ ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ನರಗುಂದದ ಗಟ್ಟಿ ಮೊಸರೆಲ್ಲಿ, ನಮ್ಮವ್ವನದೆಲ್ಲಿ!

ಮನೆಗೆ ಬರುವಾಗ ದಾರಿಯಲ್ಲಿ ಆ ಕಮಟು ತುಪ್ಪದ ವಾಸನೆಯೇ ನನಗೆ ದಾರಿ ತೋರಿಸಿತು. ಕಮಟು ಎಂದರೇನು? ಕೊಬ್ಬು ಒಡೆದು ಹೊರಬಿದ್ದ ಆಮ್ಲ. ಒಂದೊಂದು ಕೊಬ್ಬಿಗೆ ಒಂದೊಂದು ಬಗೆಯ ಆಮ್ಲಗಳು. ಅದಕ್ಕೇ ಅಲ್ಲವೇ ಎಮ್ಮೆಯ ತುಪ್ಪ ಬೇರೆ, ಆಕಳ ತುಪ್ಪ ಬೇರೆ, ಕುಸುಬಿ ಎಣ್ಣೆ ಬೇರೆ? ಎಮ್ಮೆ, ಆಕಳು, ಕುಸುಬಿ ಇವನ್ನು ಕೊಬ್ಬಿನಿಂದ ಗುರುತಿಸಬಹುದಾದರೆ ಬ್ಯಾಕ್ಟೀರಿಯಾ ಏನು ಪಾಪ ಮಾಡಿದೆ? ಅದಕ್ಕೂ ಒಂದು ಮೈಯಿದೆ, ಮೈಯಲ್ಲಿ ಎಷ್ಟೇ ಆಗಲಿ ಒಂದಿಷ್ಟು ಕೊಬ್ಬಿದ್ದೇ ಇರುತ್ತದೆ. ಅದನ್ನು ತೆಗೆದು ನೋಡಿದರೆ ನರಗುಂದದ ಜಾತಿ ಯಾವುದು, ಗಜೇಂದ್ರಗಡದ ಜಾತಿ ಯಾವುದು ಎಂದು ತಿಳಿಯಲೇಬೇಕು. ಸಂತೋಷದಿಂದ ನಾನು ನಮ್ಮ ಮನೆ ದಾಟಿ ಎರಡು ಮನೆ ಮುಂದೆ ಹೋಗಿದ್ದೆ.

ಕೂಡಲೇ ಕೆಲಸ ಹಚ್ಚಿದೆ. ಎರಡೂ ಮೊಸರನ್ನು ಬೇರೆ ಬೇರೆ ಪಾತ್ರೆಯಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಸಿ, ಮೇಲೆ ಶಾಲೆಯಿಂದ ತಂದ ಆಮ್ಲ ಬಿಟ್ಟೆ. ಮೇಲುಗಡೆ ಕೊಬ್ಬಿನ ಆಮ್ಲ ತೇಲಿ ಬಂತು. ಅದನ್ನು ಎರಡು ಗಾಜಿನ ನಳಿಗೆಗಳಲ್ಲಿ ತುಂಬಿ, ಒಟ್ಟಿಗೇ ತಣ್ಣೀರಿನಲ್ಲಿ ಇಳಿಬಿಟ್ಟು, ಯಾವುದು ಮೊದಲು ಹೆಪ್ಪುಗಟ್ಟುತ್ತದೆ ಎಂದು ಕಾದೆ. ಕೊಬ್ಬು ಬೇರೆಯಾದರೆ ಹೆಪ್ಪುಗಟ್ಟುವ ಹೊತ್ತೂ ಬೇರೆ. ಎರಡೂ ಒಟ್ಟಿಗೇ ಹೆಪ್ಪುಗಟ್ಟಿದವು. ಬೇಸರದಿಂದ ಹೆಡ್ ಮಾಸ್ತರರಿಗೆ ಹೇಳಿದೆ. ಅವರು ನಶ್ಯ ಏರಿಸಿ, "ಎರಡೂ ಮೊಸರು ಒಂದ ಎಮ್ಮಿ ಹಾಲಿಂದಲ್ಲೇನ್ರಿ? ನೀವು ತಗದದ್ದು ಎಮ್ಮಿ ಕೊಬ್ಬು," ಎಂದರು. ಖರೆ. ಒಪ್ಪಿದೆ. ಇದನ್ನು ಸೋಲು ಎಂದು ಯಾರಾದರೂ ಕರೆಯುವುದಾದರೆ ಅವರು ಎಂದೂ ಏನನ್ನೂ ಕಂಡುಹಿಡಿಯಲು ಹೊರಟವರಲ್ಲ.

ಈಗ ಬೇಕಾದದ್ದು ಜಿಡ್ಡಿಲ್ಲದ ಆಹಾರ. ಅದು ನಮ್ಮ ಮನೆಯಲ್ಲಿಯೇ ಇತ್ತು. ನೇಕಾರರ ಮನೆಯಲ್ಲಿ ಮಗ್ಗಕ್ಕೆ ಉದ್ದಕ್ಕೆ ಎಳೆಯುವ ಹಾಸಿನ ನೂಲಿಗೆ ಹಚ್ಚಲು ಗಂಜಿ ಕಾಸುತ್ತಾರೆ. ನೂಲು ಹರಿಯದಂತೆ ಬಿಗಿಯಾಗಲಿ ಎಂದು. ಗಂಜಿ ಎಂದರೆ ಬರೀ ಪಿಷ್ಟ ಮತ್ತು ನೀರು, ಎಲ್ಲಿಯ ಕೊಬ್ಬು? ಅಪ್ಪ ಕಾಸಿದ ಗಂಜಿಯಲ್ಲಿ ಸ್ವಲ್ಪ ಕೇಳಿ ಪಡೆದು, ಬೆಲ್ಲದ ನೀರು ಬೆರೆಸಿ, ಎರಡು ಮಡಿಕೆಗಳಲ್ಲಿ ಸಮನಾಗಿ ಹಂಚಿದೆ. ಒಂದಕ್ಕೆ ಅವ್ವನ ಹೆಪ್ಪು, ಇನ್ನೊಂದಕ್ಕೆ ಶಾಂತಾಳ ಹೆಪ್ಪು, ಒಂದೊಂದು ಹನಿ. ಒಂದೇ ಊಟ, ಒಂದೇ ಕಾವು, ಒಂದೇ ವಯಸ್ಸು. ಮಗ್ಗದ ಹಿಂದಿನ ಬೆಚ್ಚಗಿನ ಮೂಲೆಯಲ್ಲಿ ಮುಚ್ಚಿಟ್ಟೆ. ಮರುದಿನ ಪ್ರತಿಯೊಂದರಿಂದ ಒಂದು ಹನಿ ತೆಗೆದು ಹೊಸ ಗಂಜಿಯ ಬೇರೆ ಮಡಿಕೆಗೆ, ಅದರಿಂದ ಮತ್ತೊಂದಕ್ಕೆ ಹಾಕುತ್ತ ಹಾಲಿನ ಕುರುಹೂ ಇಲ್ಲದಂತೆ ಮಾಡಿದೆ. ಇಷ್ಟೊಂದು ಕಟ್ಟುನಿಟ್ಟು ಇವತ್ತಿನ ಪ್ರಯೋಗಾಲಯದವರಾದರೂ ಮಾಡುತ್ತಾರೋ ಇಲ್ಲವೋ. ಅಪ್ಪ ಮಾತ್ರ ಆಗಾಗ ಹಣಿಕಿ ನೋಡಿ, "ಗಂಜಿ ಹುಳಿ ನಾರಾಕತ್ತೈತಿ ತಮ್ಮಾ," ಎನ್ನುತ್ತಿದ್ದ. ಅವನಿಗೆ ಬ್ಯಾಕ್ಟೀರಿಯಾ ತಿಳಿಯದಿದ್ದರೂ ಗಂಜಿಯ ಚಿಂತೆ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ, ಅಂದರೆ ಅವ್ವನ ಗಡುವಿಗೆ ಒಂದು ದಿನ ಮೊದಲು, ಎರಡನ್ನೂ ಕುದಿಸಿ ಆಮ್ಲ ಬಿಟ್ಟೆ. ಕೊಬ್ಬು ಬಂತು! ಕಣ್ಣಿಗೆ ಕಾಣುವಷ್ಟು, ಬೆರಳಿಗೆ ಹತ್ತುವಷ್ಟು. ಅಷ್ಟು ಸಣ್ಣ ಜೀವಿಗಳು ಇಷ್ಟು ಪುಷ್ಟವಾಗಿರಬಹುದೆಂದು ನಾನು ಎಣಿಸಿಯೇ ಇರಲಿಲ್ಲ. ಮನೆಯವರನ್ನೆಲ್ಲ ಕರೆದು ಸುತ್ತ ನಿಲ್ಲಿಸಿ, ನಳಿಗೆಗಳನ್ನು ತಣ್ಣೀರಿನ ಗಡಿಗೆಯಲ್ಲಿ ಇಳಿಬಿಟ್ಟೆ. ಶಾಂತಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಪೆಟ್ಟಿಗೆಗೆ ಸೀರೆಗಳು ಸೇರಿದ್ದನ್ನು ನಾನು ಮುಂಜಾನೆಯೇ ನೋಡಿದ್ದೆ.  ಒಂದು ಮೊದಲು ಹೆಪ್ಪುಗಟ್ಟಿ ಇನ್ನೊಂದು ಆಮೇಲೆ ಹೆಪ್ಪುಗಟ್ಟಿದರೆ ಎರಡೂ ಬೇರೆ ಎಂದಾಯಿತು. ಆಮೇಲೆ ಯಾವುದು ಕಮಟಿಗೆ ಕಾರಣ ಎಂಬ ಪ್ರಶ್ನೆ ಬಂದರೆ ಹೇಗಾದರೂ ನರಗುಂದವನ್ನು ಪಾರುಮಾಡಬೇಕೆಂದು ನಾನು ಮನಸ್ಸಿನಲ್ಲಿಯೇ ವಾದ ಸಿದ್ಧ ಮಾಡಿಕೊಂಡಿದ್ದೆ. ಆದರೆ ಎರಡೂ ಒಂದೇ ಹೊತ್ತಿಗೆ ಮಂಜಾದವು, ಒಂದೇ ಹೊತ್ತಿಗೆ ಹೆಪ್ಪುಗಟ್ಟಿದವು. ಮತ್ತೆ ಕಾಸಿ ಮತ್ತೆ ಇಳಿಸಿದೆ. ಮತ್ತೂ ಹಾಗೆಯೇ.

ನನ್ನ ಬಾಯಿಂದ ಬಂದದ್ದು ಇಷ್ಟೇ. "ಎರಡೂ ಒಂದ ಅವ. ಇವು ಬ್ಯಾರೆ ಬ್ಯಾರೆ ಹೆಪ್ಪಲ್ಲ. ಒಂದ ಹೆಪ್ಪು."

"ಏನಂದ್ರಿ?" ಎಂದು ಶಾಂತಾ ಗೋಡೆ ಬಿಟ್ಟು ಮುಂದೆ ಬಂದಳು. "ನಮ್ಮವ್ವನ ಹೆಪ್ಪು, ಅತ್ತಿಯವರ ಹೆಪ್ಪು ಒಂದಂತೀರೇನ್ರಿ? ಇದನ್ನ ಹೇಳೂದಕ್ಕ ಇಷ್ಟ ದಿನಾ ಸೋಡಾ ಕುದಿಸಿದ್ರಿ?"

 ಅವ್ವ ನೆಲದ ಮೇಲೆ ಕೂತಳು. ನಳಿಗೆಗಳನ್ನೇ ನೋಡುತ್ತಿದ್ದಳು.

"ಗೊತ್ತಾಗೇಬಿಟ್ಟಿತಲ್ಲೋ ನಿನಗ," ಎಂದಳು ಕೊನೆಗೆ. "ಇನ್ನ ಮುಚ್ಚಿಟ್ಟ ಏನ ಮಾಡ್ಲಿ? ನಾ ಇಟಗಿಗೆ ಹೋಗೂ ಮುಂದ, ನನ್ನ ಗಡಗಿ ಮುಟ್ಟಬ್ಯಾಡಂತ ಇಕಿಗೆ ಹೇಳಿ ಹೋಗಿದ್ದೆ. ಇಕಿ ಮುಟ್ಟಲಿಲ್ಲ. ಬಂದ ನೋಡಿದ್ರ ಹೆಪ್ಪು ಬೂಸರ ಹಿಡದ ಹೋಗಿತ್ತು. ಓಣಿಗೆಲ್ಲಾ ಹೆಪ್ಪು ಕೊಟ್ಟಾಕಿ ನಾನು, ಯಾರ ಮನಿಗೆ ಹೋಗಿ ಕೇಳ್ಲಿ? ಇಕಿ ನೀರಿಗೆ ಹೋದಾಗ ಇಕಿ ಗಡಗಿಯೊಳಗಿಂದ ಒಂದ ಚಮಚ ತಗೊಂಡೆ. ಅವತ್ತಿಂದ ನನ್ನ ಗಡಗಿಯೊಳಗೂ ನರಗುಂದದ್ದ ಐತಿ."

 ಶಾಂತಾ ಅತ್ತೆಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. "ಹಂಗಾದ್ರ ನಂದ ಚೆಲ್ಲಂತ ಯಾಕಂದ್ರಿ ಅತ್ತಿ?"

"ನಿನ್ನ ಗಡಗಿ ಕಂಡಾಗೊಮ್ಮೆ ನಾ ಕದ್ದದ್ದ ನೆನಪ ಆಗತಿತ್ತವಾ," ಎಂದಳು ಅವ್ವ. "ಅದಿಲ್ಲದಿದ್ರ ಇದು ನಂದ ಅಂತ ಇರಬಹುದಿತ್ತು."

ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಗೆಲುವು ಬೇರೆ ಯಾವುದಿದೆ ಹೇಳಿ! ಎರಡು ಹೆಪ್ಪು ಒಂದೇ ಎಂದು ಕೊಬ್ಬು ಹೇಳಿತು, ಒಂದೇ ಆಗಿತ್ತು. ನಾನು ಎದೆ ಉಬ್ಬಿಸಿ, ಇನ್ನು ಮುಂದೆ ಬ್ಯಾಕ್ಟೀರಿಯಾಗಳ ಶಾಸ್ತ್ರವೇ ಬದಲಾಗುತ್ತದೆ ಎಂದು ಭಾಷಣ ಶುರುಮಾಡಿದ್ದೆ. ಅಷ್ಟರಲ್ಲಿ ಅಪ್ಪ ಗಡಿಗೆಯ ಹತ್ತಿರ ಬಗ್ಗಿ, ನಳಿಗೆ ಎತ್ತಿ ಮೂಸಿ, "ಎಣ್ಣಿ ಚಲೋ ಬಂದೈತಲ್ಲ ತಮ್ಮಾ," ಎಂದ.

"ಯಾವ ಎಣ್ಣಿ?"

"ಗಂಜ್ಯಾಗಿನ ಶೇಂಗಾ ಎಣ್ಣಿ. ಎಣ್ಣಿ ಬಿಡದ ಗಂಜಿ ಈ ಮನ್ಯಾಗ ಯಾವಾಗ ಕಾಸೀವಿ? ನೂಲು ಬಿರುಸಾಗಿ ತಟಕ್ಕನ ಹರಿತೈತಿ. ನಿನ್ನ ಮಡಕಿ ಗಂಜಿ ಬಿರುಸ ಕಂಡಿತಂತ ದಿನಾ ಎರಡಕ್ಕೂ ಒಂದೊಂದ ಹನಿ ನಾನ ಬಿಡತಿದ್ದೆ."

ನೇಕಾರನ ಮಗನಾಗಿ ಹುಟ್ಟಿ, ಗಂಜಿಯ ವಾಸನೆಯಲ್ಲಿಯೇ ಬೆಳೆದು, ಅದರಲ್ಲಿ ಎಣ್ಣೆ ಇರುತ್ತದೆ ಎಂಬುದನ್ನು ಕಾಲೇಜಿನಲ್ಲಿ ಎಲ್ಲೋ ಬಿಟ್ಟು ಬಂದಿದ್ದೆ. ಅವ್ವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಎದ್ದಳು ನೋಡಿ. "ಎಲಾ ಇವನಾ! ಶೇಂಗಾ ಎಣ್ಣಿ ನೋಡಿ ನನ್ನ ಕಳ್ಳಿ ಮಾಡಿದ್ಯಾ? ನಿನಗೇನೂ ಗೊತ್ತಾಗಿದ್ದೇ ಇಲ್ಲ! ನಾನಽ ಬಾಯಿಬಿಟ್ಟೆನಲ್ಲೋ!" ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಮೊದಲು ಮೆಲ್ಲಗೆ, ಆಮೇಲೆ ತಡೆಯಲಾರದೆ ನಕ್ಕಳು. ಅವಳ ನಗು ನೋಡಿ ಅವ್ವನೂ ನಕ್ಕಳು. ನನ್ನನ್ನು ನೋಡಿ ಅಪ್ಪನೂ ನಕ್ಕ. ನಾನು ಮಾತ್ರ ನಗಲಿಲ್ಲ. "ನಿರ್ಣಯ ಖರೆ ಬಂತೋ ಇಲ್ಲೋ, ಅಷ್ಟ ಹೇಳ್ರಿ," ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಇವತ್ತಿನವರೆಗೂ ಕೊಟ್ಟಿಲ್ಲ. ಬಂದ ನಿರ್ಣಯ ಸರಿಯಾಗಿದ್ದ ಮೇಲೆ ಅದು ಎಣ್ಣೆಯಿಂದ ಬಂದರೇನು, ಬೆಣ್ಣೆಯಿಂದ ಬಂದರೇನು? ನಾನು ಮಣಿಯುವವನಲ್ಲ.

ಹಾಗೆ ನೋಡಿದರೆ ತುಪ್ಪ ಕಮಟಾದದ್ದಕ್ಕೆ ಎರಡೂ ಹೆಪ್ಪು ಕಾರಣವಲ್ಲ. ಬೇಸಿಗೆಯಲ್ಲಿ ಬೆಣ್ಣೆಯನ್ನು ಅಷ್ಟು ದಿನ ಕೂಡಿಟ್ಟರೆ ಯಾರ ಮನೆಯದಾದರೂ ಕಮಟಾಗುತ್ತದೆ. ಇದನ್ನು ಹೇಳಲು ಹೋದೆ, ಇನ್ನು ಅಡುಗೆಮನೆಯ ಹೊಸ್ತಿಲು ದಾಟಬೇಡ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ತಂಗಿಗೆ ಹೊಸದಾಗಿ, ಬೆಣ್ಣೆ ಕೂಡಿಡದೆ ಆಗಾಗ ಕಾಸಿದ ತುಪ್ಪ ಹೋಯಿತು. ಸೋಮವಾರ ಬಂತು, ಹೋಯಿತು. ಶಾಂತಾಳ ಪೆಟ್ಟಿಗೆಯ ಸೀರೆಗಳು ಗೂಟಕ್ಕೆ ಮರಳಿದವು.

ಆ ವಾರದಲ್ಲಿಯೇ ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಎದುರುಮನೆಯ ಕಲ್ಲವ್ವ ಬಟ್ಟಲು ಹಿಡಿದು ಬಂದು ಬಾಗಿಲಲ್ಲಿ ನಿಂತು, "ಒಂದೀಟ ಹೆಪ್ಪು ಕೊಡವಾ," ಎಂದು ಅವ್ವನನ್ನು ಕೇಳಿದಳು. ವರ್ಷಗಟ್ಟಲೆ ಕೇಳಿದ ಹಾಗೆಯೇ ಕೇಳಿದಳು. ಅವ್ವ ಚಮಚ ಕೈಯಲ್ಲಿ ಹಿಡಿದವಳು ನಿಂತುಬಿಟ್ಟಳು. ಸುಮ್ಮನೆ ಕೊಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಚಮಚವನ್ನು ಸೊಸೆಯ ಕೈಗಿಟ್ಟು, "ಇಕಿನ್ನ ಕೇಳ ಕಲ್ಲವ್ವ. ಹೆಪ್ಪು ಇಕಿ ತವರಮನಿದು. ನಾನೂ ಇಕಿ ಕಡಿಂದನ ತಗೊಂಡೇನಿ," ಎಂದಳು.

ಶಾಂತಾ ಕಲ್ಲವ್ವನ ಬಟ್ಟಲಿಗೆ ಹೆಪ್ಪು ಹಾಕಿ ಕಳಿಸಿ, ಬಹಳ ಹೊತ್ತು ಬಾಗಿಲಲ್ಲಿಯೇ ನಿಂತು ಓಣಿಯ ಕಡೆ ನೋಡುತ್ತಿದ್ದಳು. ಒಳಗೆ ಬಂದಾಗ ಅವಳ ಕಣ್ಣು ತುಂಬಿತ್ತು. "ಇನ್ನ ನಮ್ಮವ್ವ ಈ ಓಣ್ಯಾಗ ಮನಿ ಮನಿಗೂ ಇರತಾಳ್ರಿ," ಎಂದಳು. ಇದೆಲ್ಲ ನನ್ನ ಕೊಬ್ಬಿನ ಶಾಸ್ತ್ರದಿಂದಲೇ ಆದದ್ದೆಂದು ಅವಳಿಗೆ ತಿಳಿಸಿ ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳುವುದಕ್ಕೆ ಬಾಯಿಯನ್ನೂ ತೆರೆದೆ. ಅವ್ವ ನನ್ನ ತಟ್ಟೆಗೆ ಇನ್ನೊಂದು ಸೌಟು ಮೊಸರು ಸುರಿದು, "ಸುಮ್ಮನ ಉಣ್ಣು," ಎಂದಳು. ಸುಮ್ಮನೆ ಉಂಡೆ.